ಆರು ಗಂಟೆಯವರೆಗೆ ಮಲಗಿಸಿದ ಟವರು

ಆ ಕೋಣೆಗೆ ಕಿಟಕಿ ಇರಲಿಲ್ಲ. ಎದುರಿಗೆ ಒಂದು ಗೋಡೆ, ಗೋಡೆಯ ತುಂಬ ಪರದೆಗಳು, ಪರದೆಗಳ ತುಂಬ ಚುಕ್ಕೆಗಳು. ಒಂದೊಂದು ಚುಕ್ಕೆಯೂ ಒಂದೊಂದು ಮೊಬೈಲ್ ಟವರು. ಚುಕ್ಕೆ ಹಸಿರಾಗಿದ್ದರೆ ಅಲ್ಲಿನ ಜನ ಸುಖವಾಗಿ ಮಾತಾಡುತ್ತಿದ್ದಾರೆ, ಇಲ್ಲವೇ ಸುಖವಾಗಿ ಜಗಳವಾಡುತ್ತಿದ್ದಾರೆ ಎಂದರ್ಥ. ಕೆಂಪಾದರೆ ಮೇಲಿನವರಿಂದ ಕೆಳಗಿನವರವರೆಗೆ ಎಲ್ಲರಿಗೂ ಬೈಗುಳ. ಹೀಗಾಗಿ ಆ ಕೋಣೆಯ ಹನ್ನೊಂದು ಜನ ಸಂಬಳ ತೆಗೆದುಕೊಳ್ಳುತ್ತಿದ್ದುದೇ ಗೋಡೆಯನ್ನು ಹಸಿರಾಗಿ ಇಡುವುದಕ್ಕೆ. ಟವರು ಸರಿಯಾಗಿರುವುದು ಬೇರೆ, ಗೋಡೆ ಹಸಿರಾಗಿರುವುದು ಬೇರೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಬಾಯಿಬಿಟ್ಟು ಯಾರೂ ಹೇಳುತ್ತಿರಲಿಲ್ಲ, ಅಷ್ಟೆ.

ಎರಡನೇ ಸಾಲಿನ ಕೊನೆಯ ಮೇಜು ಅಕ್ಕನದು. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು. ಅದಕ್ಕೆ ಕಾರಣ ಅವಳ ತಮ್ಮ. ಟವರುಗಳ ಬುಡಕ್ಕೆ ಹೋಗಿ ರಿಪೇರಿ ಮಾಡುವ ಟೆಕ್ನಿಷಿಯನ್ ಅವನು. ದಿನಕ್ಕೆ ಐದಾರು ಸಲ ಕೋಣೆಗೆ ಫೋನ್ ಮಾಡುತ್ತಿದ್ದ. ಯಾರು ಎತ್ತಿಕೊಂಡರೂ "ಅಕ್ಕನಿಗೆ ಕೊಡಿ" ಎನ್ನುತ್ತಿದ್ದ. ಕೇಳಿ ಕೇಳಿ ಅವಳ ನಿಜವಾದ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿಯಿತು.

ಅವತ್ತು ಬೆಳಿಗ್ಗೆ ಹತ್ತೂ ಇಪ್ಪತ್ತಕ್ಕೆ ಅವನ ಫೋನ್ ಬಂತು.

"ಅಕ್ಕಾ, ಮಲಗ್ಸು."

"ಮೊದ್ಲು ಹೇಗಿದೀಯ ಅಂತ ಕೇಳ್ತಾರೆ ಕಣೋ ಮನುಷ್ಯರು."

"ಹೇಗಿದೀಯ? ಮಲಗ್ಸು. ಗುಡ್ಡದ ಹಿಂದಿನ ಟವರು. ಹಳೇ ಪವರ್ ಯೂನಿಟ್ ಬಿಚ್ಚಿ ಹೊಸದು ಕೂರಿಸ್ಬೇಕು. ಹನ್ನೆರಡರ ಒಳಗೆ ಮುಗಿಸಿ ಹೊರಡ್ತೀನಿ, ಒಂದೂ ಕಾಲಿಗೆ ಮಗಳನ್ನ ಸ್ಕೂಲಿಂದ ಕರ್ಕೊಂಡ್ಬರ್ಬೇಕು."

"ಜೊತೆಯವನು ಎಲ್ಲಿ?"

"ಜ್ವರ ಅಂತೆ. ಒಬ್ಬನೇ ಸಾಕು ಬಿಡು, ಇದೇನು ಆನೆ ಎತ್ತೋ ಕೆಲ್ಸಾನಾ?"

"ಬಾಗಿಲಿಗೆ ಕಲ್ಲು ಇಟ್ಕೋ. ಮುಗಿದ ತಕ್ಷಣ ಫೋನ್ ಮಾಡು. ಹೋದ್ಸಲದ ಹಾಗೆ ಮರೆತು ಮನೆಗೆ ಹೋಗಿ ಮಲಗ್ಬೇಡ."

"ಟವರು ಆನ್ ಆದ ಮೇಲೆ ತಾನೇ ಮಾಡೋದು? ಅದನ್ನ ನಾನೇ ಆಫ್ ಮಾಡಿದ್ರೆ ನನ್ನ ಫೋನಿಗೆ ಸಿಗ್ನಲ್ ನಿಮ್ಮಪ್ಪ ಕೊಡ್ತಾನಾ?"

"ನಮ್ಮಪ್ಪ ನಿಮ್ಮಪ್ಪಾನೂ ಹೌದು ಕಣೋ," ಎಂದು ನಗುತ್ತಲೇ ಅವಳು ಫೋನಿಟ್ಟಳು.

ಮಲಗಿಸುವುದು ಎಂಬ ಮಾತು ಆ ಕೋಣೆಯಲ್ಲೇ ಹುಟ್ಟಿದ್ದು. ರಿಪೇರಿ ನಡೆಯುವಾಗ ಕರೆಂಟು ತೆಗೆಯುತ್ತಾರೆ, ಬಾಗಿಲು ತೆರೆಯುತ್ತಾರೆ, ಪೆಟ್ಟಿಗೆ ಬಿಚ್ಚುತ್ತಾರೆ. ಒಂದೊಂದಕ್ಕೂ ಟವರು ಅಲಾರಂ ಕಳಿಸಿ ಗೋಡೆಯನ್ನು ಕೆಂಪು ಮಾಡುತ್ತದೆ. ಅದರ ಬಾಯಿ ಮುಚ್ಚಿಸಲು ಸಾಫ್ಟ್‌ವೇರಿನಲ್ಲಿ ಒಂದು ಗುಂಡಿ ಇತ್ತು. ಒತ್ತಿದರೆ ಆ ಟವರು ಏನೇ ಕೂಗಿಕೊಂಡರೂ ಗೋಡೆಗೆ ಬಾರದೆ, ಒಳಗಿನ ಯಾವುದೋ ಪಟ್ಟಿಗೆ ಹೋಗಿ ಬೀಳುತ್ತಿತ್ತು. ಗೋಡೆಯ ಮೇಲೆ ಚುಕ್ಕೆ ಹಸಿರಾಗಿಯೇ ಇರುತ್ತಿತ್ತು.

ಒಂದು ಗಂಟೆಗಿಂತ ಹೆಚ್ಚು ಮಲಗಿಸಕೂಡದು ಎಂಬುದು ನಿಯಮ. ಗಂಟೆ ತುಂಬಿದೊಡನೆ "ಕೆಲಸ ಮುಗಿಯಿತೇ?" ಎಂದು ಒಂದು ಚೌಕ ಪರದೆಯ ನಡುವೆ ಬಂದು ಕೂರುತ್ತಿತ್ತು. ಆಗ ಪಟ್ಟಿ ತೆರೆದು ನೋಡಿ, ಅಲ್ಲಿ ಎಲ್ಲ ಕ್ಷೇಮ ಎಂದು ತಿಳಿದುಕೊಂಡು, ಬೇಕಿದ್ದರೆ ಇನ್ನೊಂದು ಗಂಟೆ ಮಲಗಿಸಬೇಕು. ಪಾಳಿಯ ಮುಖ್ಯಸ್ಥ ಇದನ್ನು ಪ್ರತಿ ಸೋಮವಾರ ಹೇಳುತ್ತಿದ್ದ. ಸಮಯ ತಪ್ಪದ ಆಸಾಮಿ ಎಂದು ಅವನಿಗೆ ಎಲ್ಲರೂ ಗಡಿಯಾರ ಎಂದು ಹೆಸರಿಟ್ಟಿದ್ದರು. "ಮಲಗಿಸಿದ ಟವರಿನ ಹತ್ರ ಒಬ್ಬ ಮನುಷ್ಯ ಇರ್ತಾನೆ, ನೆನಪಿರ್ಲಿ," ಎನ್ನುತ್ತಿದ್ದ. ಎಲ್ಲರೂ ತಲೆಯಾಡಿಸಿ, ಚೌಕ ಬಂದಾಗ ಪಟ್ಟಿ ತೆರೆಯದೆ ಇನ್ನೊಂದು ಗಂಟೆ ಕೊಟ್ಟು ಚಹಾ ಕುಡಿಯುತ್ತಿದ್ದರು.

ಅಕ್ಕ ಅವರಂತೆ ಅಲ್ಲ. ಪಟ್ಟಿ ತೆರೆದು ನೋಡುವವಳು. ಆದರೆ ತಮ್ಮನ ಟವರುಗಳೆಂದರೆ ಅವಳಿಗೆ ಸಾಕಾಗಿಹೋಗಿತ್ತು. ಅವನು ಕೆಲಸ ಮುಗಿಸಿ ಹೇಳದೆ ಹೋಗುತ್ತಿದ್ದ, ಚೌಕ ಗಂಟೆಗೊಮ್ಮೆ ಬಂದು ಪೀಡಿಸುತ್ತಿತ್ತು, ಅವಳು ಊಟ ಬಿಟ್ಟು ಅವನನ್ನು ಹುಡುಕುತ್ತಿದ್ದಳು. ಹಿಂದಿನ ವಾರವಷ್ಟೇ ಪಕ್ಕದ ಮೇಜಿನವನು "ಅಕ್ಕ ತಮ್ಮನ್ನ ಇನ್ನೂ ಸ್ಕೂಲಿಗೆ ಬಿಟ್ಟು ಬರ್ತಿದ್ದಾಳೆ" ಎಂದು ಎಲ್ಲರನ್ನೂ ನಗಿಸಿದ್ದ. ಗಂಟೆಯ ಜಾಗದಲ್ಲಿ ಕೈಯಾರೆ ಬೇರೆ ಹೊತ್ತು ಬರೆದರೂ ಸಾಫ್ಟ್‌ವೇರು ತಕರಾರಿಲ್ಲದೆ ಒಪ್ಪುತ್ತಿತ್ತು. ಅವಳು ಮೊಟ್ಟಮೊದಲ ಬಾರಿಗೆ ಅಲ್ಲಿ ಸಂಜೆ ಆರು ಎಂದು ಬರೆದಳು. ಬರೆದು, ಇನ್ನು ನಿಶ್ಚಿಂತೆ ಎಂದುಕೊಂಡು ಬೇರೆ ಕೆಲಸಕ್ಕೆ ಕೈ ಹಾಕಿದಳು.

ಒಂದೂ ಮುಕ್ಕಾಲಿಗೆ ತಮ್ಮನ ಹೆಂಡತಿಯ ಫೋನ್ ಬಂತು. ಅವಳು ಔಷಧಿ ಅಂಗಡಿಯಲ್ಲಿ ಕೆಲಸಕ್ಕಿದ್ದವಳು. ಹಿಂದೆ ಗಿರಾಕಿಗಳ ಗಲಾಟೆ ಕೇಳುತ್ತಿತ್ತು.

"ಅತ್ತಿಗೆ, ಇವ್ರು ನಿಮಗೇನಾದ್ರೂ ಫೋನ್ ಮಾಡಿದ್ರಾ? ಸ್ಕೂಲಿಂದ ಟೀಚರ್ ಮಾಡಿದ್ರು. ಪಾಪು ಇನ್ನೂ ಗೇಟಿನ ಹತ್ರಾನೇ ನಿಂತಿದೆಯಂತೆ."

"ಹೊರಟಿರ್ತಾನೆ. ದಾರಿಯಲ್ಲಿ ಸಿಗ್ನಲ್ ಇರಲ್ಲ."

"ಹನ್ನೆರಡೂವರೆಯಿಂದ ಮಾಡ್ತಿದೀನಿ ಅತ್ತಿಗೆ. ಸ್ವಿಚ್ ಆಫ್ ಅಂತಾನೇ ಬರ್ತಿದೆ."

"ಟವರು ಇನ್ನೂ ಆನ್ ಆಗಿಲ್ಲ ಅಂದ್ರೆ ಕೆಲ್ಸ ಮುಗಿದಿಲ್ಲ. ನೀನು ಹೋಗಿ ಮಗು ಕರ್ಕೊಂಡ್ಬಾ, ನಾನು ನೋಡ್ತೀನಿ," ಎಂದಳು ಅಕ್ಕ. ಮಾತು ಗಟ್ಟಿಯಾಗಿಯೇ ಬಂತು. ತಮ್ಮ ಎಲ್ಲವನ್ನೂ ಮರೆಯುತ್ತಿದ್ದ: ಹೆಲ್ಮೆಟ್ಟು, ಊಟದ ಡಬ್ಬಿ, ಮದುವೆಯಾದ ದಿನ. ಮಗಳನ್ನು ಕರೆತರುವುದನ್ನು ಮಾತ್ರ ಒಮ್ಮೆಯೂ ಮರೆತಿರಲಿಲ್ಲ.

ಗೋಡೆಯ ಮೇಲೆ ಗುಡ್ಡದ ಹಿಂದಿನ ಚುಕ್ಕೆ ಹಸಿರಾಗಿ ಹೊಳೆಯುತ್ತಿತ್ತು. ಅವಳು ಯಾರೂ ತೆರೆಯದ ಆ ಪಟ್ಟಿಯನ್ನು ತೆರೆದಳು.

ಆ ಒಂದೇ ಟವರಿನಿಂದ ನೂರಾ ಮೂವತ್ತೆಂಟು ಅಲಾರಂ ಬಂದಿದ್ದವು.

ಮೊದಲನೆಯವು ಬರಬೇಕಾದವೇ. ಹತ್ತೂ ಇಪ್ಪತ್ತೈದು, ಬಾಗಿಲು ತೆರೆಯಿತು. ಹತ್ತೂ ಮೂವತ್ತೊಂದು, ಕರೆಂಟು ಹೋಯಿತು. ಹತ್ತೂ ಮೂವತ್ತೆರಡು, ಎ.ಸಿ. ನಿಂತಿತು. ಹತ್ತೂ ನಲವತ್ತು, ಪವರ್ ಯೂನಿಟ್ ಇಲ್ಲ. ಹನ್ನೊಂದೂ ಐದು, ಬಾಗಿಲು ಮುಚ್ಚಿತು.

ಅಲ್ಲಿಗೆ ಅವಳ ಬೆರಳು ನಿಂತಿತು. ಟವರಿನ ಬುಡದಲ್ಲಿರುವುದು ತಗಡಿನ ಕೋಣೆ. ಗೋಡೆಯೊಳಗೆ ಗೇಣು ದಪ್ಪದ ಫೋಮು ತುಂಬಿ, ಒಳಗಿನ ಸದ್ದು ಹೊರಗೆ ಬಾರದಂತೆ, ಹೊರಗಿನ ಗಾಳಿ ಒಳಗೆ ಹೋಗದಂತೆ ಕಟ್ಟಿದ್ದು. ಬ್ಯಾಟರಿ ಕಳ್ಳರ ಕಾಟ ಶುರುವಾದ ಮೇಲೆ ಬಾಗಿಲಿಗೆ ತಾನಾಗಿಯೇ ಬೀಳುವ ಬೀಗ ಹಾಕಿಸಿದ್ದರು. ಹೊರಗಿನಿಂದ ಕೀಲಿಕೈ, ಒಳಗಿನಿಂದ ಒಂದು ಹಿಡಿಕೆ. ಆ ಹಿಡಿಕೆಗಳು ಕೈಗೇ ಕಿತ್ತು ಬರುತ್ತವೆ ಎಂದು ಟೆಕ್ನಿಷಿಯನ್‌ಗಳೆಲ್ಲ ದೂರು ಬರೆದಿದ್ದರು. ಅದಕ್ಕೇ ಕಲ್ಲು. ಕೆಲಸ ಮಾಡುವವನು ಆ ಬಾಗಿಲನ್ನು ಯಾಕೆ ಮುಚ್ಚಿಕೊಳ್ಳುತ್ತಾನೆ? ಎ.ಸಿ. ಇಲ್ಲದ ತಗಡಿನ ಡಬ್ಬಿಯಲ್ಲಿ, ಈ ಬಿಸಿಲಿನಲ್ಲಿ?

ಪವರ್ ಯೂನಿಟ್ ಇಲ್ಲ ಎಂಬ ಸಾಲಿನ ನಂತರ ಹೊಸ ಯೂನಿಟ್ ಬಂತು ಎಂಬ ಸಾಲು ಎಲ್ಲೂ ಇರಲಿಲ್ಲ. ಅದು ಇನ್ನೂ ಹೊರಗೆ ಅವನ ವ್ಯಾನಿನಲ್ಲೇ ಇರಬೇಕು. ಅದಿಲ್ಲದೆ ಟವರನ್ನು ಆನ್ ಮಾಡಲು ಸಾಧ್ಯವಿಲ್ಲ, ಟವರು ಆನ್ ಆಗದೆ ಅವನ ಫೋನಿಗೆ ಜೀವವಿಲ್ಲ. ಅಲಾರಂ ಕಳಿಸುವ ಸಣ್ಣ ಪೆಟ್ಟಿಗೆ ಮಾತ್ರ ತನ್ನದೇ ಬ್ಯಾಟರಿಯಲ್ಲಿ ಉಸಿರಾಡಿಕೊಂಡಿತ್ತು.

ಮುಂದಿನ ಸಾಲುಗಳನ್ನು ನೋಡಿದಾಗ ಅವಳಿಗೆ ಮೊದಲು ಅರ್ಥವಾಗಲಿಲ್ಲ. ಹನ್ನೊಂದೂ ಇಪ್ಪತ್ತು: ಬಾಗಿಲು ತೆರೆಯಿತು, ಮುಚ್ಚಿತು. ಒಂದೇ ಸೆಕೆಂಡಿನಲ್ಲಿ. ಮತ್ತೆ ತೆರೆಯಿತು, ಮುಚ್ಚಿತು. ಮತ್ತೆ ತೆರೆಯಿತು, ಮುಚ್ಚಿತು. ಆಮೇಲೆ ತೆರೆಯಿತು, ಹತ್ತು ಸೆಕೆಂಡು ಬಿಟ್ಟು ಮುಚ್ಚಿತು. ಅಷ್ಟು ಭಾರದ ಬಾಗಿಲನ್ನು ಯಾವ ಮನುಷ್ಯನೂ ಆ ವೇಗದಲ್ಲಿ ತೆಗೆದು ಹಾಕಲಾರ. ಚೌಕಟ್ಟಿಗೆ ಹತ್ತಿರವಿದ್ದರೆ ಬಾಗಿಲು ಮುಚ್ಚಿದೆ, ದೂರವಾದರೆ ತೆರೆದಿದೆ ಎಂದು ತಿಳಿಸಲು ಬಾಗಿಲಿಗೆ ಅಂಟಿಸಿದ ಸಣ್ಣ ಅಯಸ್ಕಾಂತವನ್ನು ಬಿಚ್ಚಿ ಚೌಕಟ್ಟಿನ ಹತ್ತಿರ ಹಿಡಿದು, ದೂರ ಮಾಡಿ, ಹತ್ತಿರ ಹಿಡಿದು ಯಾರೋ ಆಡಿಸುತ್ತಿದ್ದರು.

ಮೂರು ಬೇಗ, ಒಂದು ನಿಧಾನ.

ಅಮ್ಮ ತೀರಿಕೊಂಡಾಗ ಅವನಿಗೆ ಏಳು, ಇವಳಿಗೆ ಹದಿಮೂರು. ಅಪ್ಪ ಕೋಪಿಷ್ಠ, ದೀಪ ಹಚ್ಚುವ ಹೊತ್ತಿಗೆ ಬಾಗಿಲು ಹಾಕಿ, ತಡವಾಗಿ ಬಂದವನು ಹೊರಗೇ ಬಿದ್ದಿರಲಿ ಎನ್ನುವವನು. ಆಟದ ಗುಂಗಿನಲ್ಲಿ ತಮ್ಮ ಯಾವಾಗಲೂ ತಡ. ಹಿಂಬಾಗಿಲಿಗೆ ಬಂದು ಬೆರಳ ಗೆಣ್ಣಿನಿಂದ ಮೂರು ಸಲ ಬೇಗ, ಒಂದು ಸಲ ನಿಧಾನವಾಗಿ ತಟ್ಟುತ್ತಿದ್ದ. ಅಕ್ಕಾ, ಬಾಗಿಲು ತೆಗಿ ಎಂದರ್ಥ. ಅವಳು ಒಲೆಯ ಮುಂದಿದ್ದರೂ ಹಾಸಿಗೆಯಲ್ಲಿದ್ದರೂ ಎದ್ದು ಹೋಗಿ ಸದ್ದಾಗದಂತೆ ಚಿಲಕ ತೆಗೆಯುತ್ತಿದ್ದಳು. ತೆಗೆಯದೇ ಇದ್ದ ದಿನ ಒಂದೂ ಇರಲಿಲ್ಲ.

ಹನ್ನೊಂದೂ ಐದಕ್ಕೆ ಬಾಗಿಲು ಬಿದ್ದಿತ್ತು. ಹನ್ನೊಂದೂ ಇಪ್ಪತ್ತರವರೆಗೆ ಅವನು ಒಮ್ಮೆಯೂ ತಟ್ಟಿರಲಿಲ್ಲ. ಯಾಕೆಂದು ಅವಳಿಗೆ ಹೊಳೆಯಿತು. ಹತ್ತೂ ಇಪ್ಪತ್ತಕ್ಕೆ ಮಲಗಿಸಿದ್ದು. ಹನ್ನೊಂದೂ ಇಪ್ಪತ್ತಕ್ಕೆ ಚೌಕ ಬರುತ್ತದೆ, ಅಕ್ಕ ಪಟ್ಟಿ ತೆರೆಯುತ್ತಾಳೆ. ಅಲ್ಲಿಯವರೆಗೆ ಕೈ ನೋಯಿಸಿಕೊಂಡು ಏನು ಪ್ರಯೋಜನ ಎಂದು ಅವನು ಸುಮ್ಮನೆ ಕೂತು ಕಾದಿದ್ದ. ಸರಿಯಾಗಿ ಆ ಹೊತ್ತಿಗೆ ಎದ್ದು ತಟ್ಟಲು ಶುರುಮಾಡಿದ್ದ. ಹನ್ನೊಂದೂವರೆ. ಹನ್ನೊಂದೂ ನಲವತ್ತು. ಹನ್ನೆರಡೂ ಇಪ್ಪತ್ತಕ್ಕೆ, ಎರಡನೇ ಗಂಟೆ ತುಂಬುವಾಗ, ಮೂರು ಸುತ್ತು ಒಟ್ಟಿಗೇ ತಟ್ಟಿದ್ದ.

ಕೊನೆಯ ಸಾಲು ಒಂದೂ ಹನ್ನೆರಡರದ್ದು. ಬಾಗಿಲು ತೆರೆಯಿತು. ಮುಚ್ಚಿತು ಎಂಬುದು ಅದರ ಕೆಳಗೆ ಇರಲಿಲ್ಲ.

"ಹೊರಗೆ ಬಂದಿದ್ದಾನೆ," ಎಂದು ಅವಳು ಎದ್ದು ನಿಂತು ಜೋರಾಗಿಯೇ ಹೇಳಿಬಿಟ್ಟಳು. ಪಕ್ಕದವರು ತಿರುಗಿ ನೋಡಿದರು. ಹೋದ ಜೀವ ಬಂದಂತಾಗಿ, ನಗು ಬರುವುದರಲ್ಲಿತ್ತು. ಅಷ್ಟರಲ್ಲಿ ಕಣ್ಣು ಪಟ್ಟಿಯ ಬದಿಯ ಉಷ್ಣತೆಯ ಅಂಕಿಗೆ ಹೋಯಿತು. ಐವತ್ತು ಡಿಗ್ರಿ. ಅವಳು ನೋಡುತ್ತಿದ್ದಂತೆಯೇ ಅದು ಐವತ್ತೊಂದಾಯಿತು.

ಬಾಗಿಲು ತೆರೆದಿದ್ದರೆ ಬಿಸಿ ಇಳಿಯಬೇಕಿತ್ತು. ಬಾಗಿಲು ತೆರೆದಿರಲಿಲ್ಲ. ಅಯಸ್ಕಾಂತ ಹಿಡಿದ ಕೈ ಕೆಳಗೆ ಬಿದ್ದಿತ್ತು.

ಗಡಿಯಾರ ಓಡಿಬಂದ. ಅವಳು ತೋರಿಸಿದಳು. ಅವನು ಮೇಲಿನಿಂದ ಕೆಳಗೆ ಒಮ್ಮೆ ಓದಿದ. ಮಲಗಿಸಿದ ಸಮಯದ ಜಾಗದಲ್ಲಿ ಸಂಜೆ ಆರು ಎಂದಿದ್ದುದನ್ನೂ ಓದಿದ. ಅವಳ ಮುಖ ನೋಡಿದ. ಬೈದಿದ್ದರೆ ಚೆನ್ನಾಗಿತ್ತು ಎಂದು ಅವಳಿಗೆ ಆಮೇಲೆ ಎಷ್ಟೋ ಸಲ ಅನ್ನಿಸಿತು.

"ಎಬ್ಬಿಸು," ಎಂದ.

ಮಲಗಿಸಿದ ಗುಂಡಿಯನ್ನೇ ಮತ್ತೆ ಒತ್ತಿ ಅವಳು ಟವರನ್ನು ಎಬ್ಬಿಸಿದಳು. ಗೋಡೆಯ ಮೇಲೆ ಹಸಿರು ಚುಕ್ಕೆ ಕೆಂಪಾಯಿತು, ನೂರಾ ಮೂವತ್ತೆಂಟು ಅಲಾರಂ ಒಂದರ ಹಿಂದೊಂದು ಬೊಬ್ಬೆ ಹೊಡೆದವು. ಇಡೀ ಕೋಣೆ ಎದ್ದು ನಿಂತಿತು.

ಆಂಬುಲೆನ್ಸಿಗೆ ಹೇಳಿದರು, ಗುಡ್ಡ ಸುತ್ತಿ ಬರಲು ಒಂದು ಗಂಟೆ. ಹತ್ತಿರದ ಇನ್ನೊಬ್ಬ ಟೆಕ್ನಿಷಿಯನ್‌ಗೆ ಹೇಳಿದರು, ಒಂದೂವರೆ ಗಂಟೆ. ಟವರಿಗೆ ಜಾಗ ಕೊಟ್ಟ ಹೊಲದವರ ಮನೆ ಅಲ್ಲೇ ಏರಿಯ ಮೇಲೆ, ಹತ್ತು ನಿಮಿಷದ ನಡಿಗೆ. ಅವರ ಮೊಬೈಲ್ ನಂಬರ್ ಕಡತದಲ್ಲಿತ್ತು. ಅಕ್ಕ ಆ ನಂಬರಿಗೆ ಫೋನ್ ಮಾಡಿದಳು. ನೀವು ಕರೆ ಮಾಡಿದವರು ಸಂಪರ್ಕ ವ್ಯಾಪ್ತಿಯಿಂದ ಹೊರಗಿದ್ದಾರೆ. ಇನ್ನೊಮ್ಮೆ ಮಾಡಿದಳು. ವ್ಯಾಪ್ತಿಯಿಂದ ಹೊರಗೆ. ಆ ಮನೆಗೆ, ಆ ಊರಿಗೆ, ಆ ಇಡೀ ತಗ್ಗಿಗೆ ಸಿಗ್ನಲ್ ಕೊಡುತ್ತಿದ್ದದ್ದು ಅದೇ ಟವರು. ಅದು ಸತ್ತಾಗ ಅವರೆಲ್ಲ ಒಟ್ಟಿಗೇ ಮೂಕರಾಗಿದ್ದರು.

ಐವತ್ತೆರಡು.

ಅವಳು ಎ.ಸಿ.ಯ ತಂಪಿನಲ್ಲಿ ಕೂತು ಬೆವರುತ್ತಿದ್ದಳು. ಈ ತಂಪಿನಲ್ಲೇ ಮಧ್ಯಾಹ್ನ ಊಟ ಮಾಡಿದ್ದೆ, ಮೊಸರು ಹುಳಿಯಾಗಿದೆ ಎಂದು ಗೊಣಗಿದ್ದೆ ಎಂಬುದು ನೆನಪಾಯಿತು. ತಲೆ ಓಡುವುದೇ ನಿಂತುಹೋಗಿತ್ತು. ಆದರೆ ಎಂಟು ವರ್ಷ ಆ ಗೋಡೆಯನ್ನು ದಿಟ್ಟಿಸಿದ ಕಣ್ಣು ತಾನಾಗಿಯೇ ಪಕ್ಕದ ಚುಕ್ಕೆಗೆ ಹೋಯಿತು. ಗುಡ್ಡದ ನೆತ್ತಿಯ ಟವರು. ಅದರ ಹಿಂಬದಿಯ ಆಂಟೆನಾ ಬುಡದ ಪೇಟೆಯತ್ತ ಬಗ್ಗಿಕೊಂಡಿತ್ತು; ಆ ತಗ್ಗು ಪೇಟೆಯ ಆಚೆಗೆ.

"ಇದರ ಮುಖ ಎತ್ತಿದ್ರೆ?" ಎಂದಳು. "ಹಿಂಬದಿಯ ಆಂಟೆನಾ ಎರಡು ಡಿಗ್ರಿ ಮೇಲಕ್ಕೆ. ಪವರ್ ಪೂರ್ತಿ ಕೊಟ್ರೆ ಆ ಏರಿ ಮನೆ ತನಕ ಒಂದು ಗೀಟಾದ್ರೂ ಸಿಗ್ನಲ್ ಹೋಗುತ್ತೆ."

"ತಗಡಿನ ಒಳಗೆ ಹೋಗಲ್ಲ," ಎಂದ ಗಡಿಯಾರ.

"ಮನೆಗೆ ಹೋದ್ರೆ ಸಾಕು. ಮನೆಗೆ ಹೋದ್ರೆ ಸಾಕು ಸಾರ್."

ಆಂಟೆನಾ ಕದಲಿಸಬೇಕಾದರೆ ಮುಖ್ಯ ಕಚೇರಿಗೆ ಅರ್ಜಿ ಬರೆದು ಎರಡು ದಿನ ಕಾಯಬೇಕು; ಪೇಟೆಯಲ್ಲಿ ಅರ್ಧ ಜನರ ಮಾತು ಕಡಿಯುತ್ತದೆ. ಗಡಿಯಾರ ಜನ್ಮದಲ್ಲಿ ಅರ್ಜಿಯಿಲ್ಲದೆ ಒಂದು ಗುಂಡಿ ಒತ್ತಿದವನಲ್ಲ, ಒತ್ತಲು ಬಿಟ್ಟವನೂ ಅಲ್ಲ. ಅವನು ಜೇಬಿನಿಂದ ಪೆನ್ನು ತೆಗೆದು ಅವಳ ಮೇಜಿನ ಮೇಲಿದ್ದ ಕಾಗದವನ್ನು ಎಳೆದುಕೊಂಡ.

"ನಾನು ಬರೀತೀನಿ, ನೀನು ಒತ್ತು."

ಅವಳು ಒತ್ತಿದಳು. ದೂರದ ನೆತ್ತಿಯಲ್ಲಿ ಯಾವುದೋ ಮೋಟಾರು ಕಣ್ಣಿಗೆ ಕಾಣದಷ್ಟು ತಿರುಗಿತು. ಪರದೆಯಲ್ಲಿ ಆಂಟೆನಾ ಬಗ್ಗಿದ ಡಿಗ್ರಿ ಆರರಿಂದ ಐದಕ್ಕೆ, ಐದರಿಂದ ನಾಲ್ಕಕ್ಕೆ ಬಂತು. ಪೇಟೆಯ ಕಡೆ ದೂರುಗಳು ಸುರಿಯತೊಡಗಿದವು. ಪಕ್ಕದ ಮೇಜಿನವನು ಕೇಳದೆಯೇ ಅವನ್ನೆಲ್ಲ ತನ್ನ ಮೇಜಿಗೆ ಎಳೆದುಕೊಂಡ.

ವ್ಯಾಪ್ತಿಯಿಂದ ಹೊರಗೆ. ವ್ಯಾಪ್ತಿಯಿಂದ ಹೊರಗೆ. ಅವಳು ಎಣಿಸಲಿಲ್ಲ; ಹದಿನೇಳನೆಯದೋ ಹದಿನೆಂಟನೆಯದೋ ಇರಬೇಕು, ಒಮ್ಮೆಲೇ ರಿಂಗ್ ಆಯಿತು. ಆಗುತ್ತಲೇ ಇತ್ತು. ತೆಗೆಯಿರಿ, ತೆಗೆಯಿರಿ ಎಂದು ಅವಳು ಅಳುತ್ತ ಮೇಜು ಗುದ್ದಿದಳು.

"ಯಾರು?" ಹೆಂಗಸಿನ ಧ್ವನಿ, ತುಂಡು ತುಂಡಾಗಿ. "ಟವರಿನವರಾ? ಬೆಳಿಗ್ಗೆಯಿಂದ ನಿಮ್ಮ ಫೋನು ಸತ್ತು ಬಿದ್ದಿದೆ, ಹೇಳೋರಿಲ್ಲ ಕೇಳೋರಿಲ್ಲ, ಈಗ—"

"ಅಮ್ಮಾ, ಟವರಿನ ಕೋಣೆಯೊಳಗೆ ನನ್ನ ತಮ್ಮ ಸಿಕ್ಕಾಕ್ಕೊಂಡಿದ್ದಾನೆ. ಬಾಗಿಲು ಬಿದ್ದಿದೆ. ಓಡಿ ಅಮ್ಮಾ, ದಮ್ಮಯ್ಯ, ಓಡಿ. ಹಾರೆ ಇದ್ರೆ ತಗೊಳ್ಳಿ. ನೀರು ತಗೊಳ್ಳಿ."

"ಬಿಳೀ ವ್ಯಾನಿನ ಹುಡುಗನಾ? ಬೆಳಿಗ್ಗೆ ನೀರು ಕೇಳ್ಕೊಂಡು—" ಎಂದದ್ದಷ್ಟೇ ಕೇಳಿತು. ಆಮೇಲೆ ಕಲ್ಲುಮಣ್ಣಿನ ಮೇಲೆ ಚಪ್ಪಲಿಯ ಸದ್ದು. ಏರಿ ಇಳಿಯುತ್ತಿದ್ದಂತೆ ಸಿಗ್ನಲ್ ಕಡಿದುಹೋಯಿತು.

ಇನ್ನು ನೋಡಲು ಉಳಿದದ್ದು ಆ ಒಂದು ಅಂಕಿ. ಐವತ್ತೆರಡು. ಕೋಣೆಯ ಉಳಿದ ಹತ್ತು ಜನ ಅವಳ ಬೆನ್ನ ಹಿಂದೆ ನಿಂತಿದ್ದರು. ಸಣ್ಣ ಪೆಟ್ಟಿಗೆಯ ಬ್ಯಾಟರಿಯೂ ಮುಗಿಯುತ್ತ ಬಂದಿದೆ ಎಂದು ಇನ್ನೊಂದು ಅಲಾರಂ ಬಂತು. ಅದು ಹೋದರೆ ಈ ಅಂಕಿಯೂ ಇಲ್ಲ. ಐವತ್ತಮೂರು. ಅವಳು ದೇವರನ್ನು ಬೇಡಲಿಲ್ಲ, ತಮ್ಮನನ್ನೇ ಬೇಡಿದಳು. ಕಣೋ, ಇನ್ನು ಐದು ನಿಮಿಷ ಕಣೋ. ಬಂದೆ ಕಣೋ. ಚಿಲಕ ತೆಗೀತಿದೀನಿ.

ಎರಡೂ ಮೂವತ್ತನಾಲ್ಕಕ್ಕೆ ಅಂಕಿ ಐವತ್ತೆರಡಾಯಿತು. ಯಾರೂ ನಂಬಲಿಲ್ಲ. ಐವತ್ತು. ನಲವತ್ತೇಳು. ನಲವತ್ತಮೂರು. ಬಾಗಿಲು ತೆರೆದಿತ್ತು, ಸಂಶಯವೇ ಇಲ್ಲ. ಆದರೆ ಒಳಗಿದ್ದವನು ಏನಾದ ಎಂದು ಹೇಳುವ ಅಂಕಿ ಆ ಸಾಫ್ಟ್‌ವೇರಿನಲ್ಲಿ ಇರಲಿಲ್ಲ. ಬ್ಯಾಟರಿಗೆ ಎಷ್ಟು ವೋಲ್ಟು, ಗಾಳಿಗೆ ಎಷ್ಟು ತೇವ, ದೀಪ ಉರಿಯುತ್ತಿದೆಯೇ ಎಂಬುದನ್ನೆಲ್ಲ ಅದು ಹೇಳುತ್ತಿತ್ತು. ಮನುಷ್ಯನ ವಿಷಯವನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ.

ಹನ್ನೆರಡು ನಿಮಿಷ ಕಳೆದ ಮೇಲೆ ಹೊಲದ ಮನೆಯ ಹೆಂಗಸು ಏರಿ ಹತ್ತಿ ಬಂದು ತಾನೇ ಫೋನ್ ಮಾಡಿದಳು. ಅವಳಿಗೆ ಏದುಸಿರು.

"ಉಸಿರಿದೆ. ನೆರಳಿಗೆ ಎಳ್ದು ನೀರು ಸುರಿದ್ವಿ. ಮೈ ಕೆಂಡ ಆಗಿತ್ತು ಕಣಮ್ಮಾ. ಕಣ್ಣು ಬಿಡ್ತಾನೆ, ಮುಚ್ತಾನೆ. ಹಾರೆ ಏನೂ ಬೇಕಾಗ್ಲಿಲ್ಲ. ಕೀಲಿಕೈ ಹೊರಗಡೆ ಬಾಗಿಲಲ್ಲೇ ನೇತಾಡ್ತಿತ್ತು, ತಿರುಗಿಸಿದೆ, ಬಂತು." ಸ್ವಲ್ಪ ತಡೆದು ಹೇಳಿದಳು: "ಕೈಯಲ್ಲಿ ಏನೋ ಸಣ್ಣ ಚೂರು ಹಿಡ್ಕೊಂಡಿದ್ದಾನೆ. ಬಿಡಿಸೋಕೆ ಹೋದ್ರೆ ಬಿಡ್ತಿಲ್ಲ."

ಅಕ್ಕ ಫೋನನ್ನು ಮೇಜಿನ ಮೇಲಿಟ್ಟಳು. ಯಾರೋ ನೀರು ಕೊಟ್ಟರು. ಕುಡಿಯಲು ಮನಸ್ಸಾಗದೆ ಲೋಟ ಹಿಡಿದುಕೊಂಡೇ ಇದ್ದಳು.

ಆಸ್ಪತ್ರೆಯ ಎರಡನೇ ಮಹಡಿಯ ಕೊನೆಯ ಹಾಸಿಗೆ. ತಮ್ಮನ ತುಟಿ ಒಡೆದು ರಕ್ತ ಕಟ್ಟಿತ್ತು, ಎರಡು ಕೈಗೂ ಡ್ರಿಪ್ ಹಾಕಿದ್ದರು, ಬಾಗಿಲು ಗುದ್ದಿದ ಮುಷ್ಟಿಗಳಿಗೆ ಪಟ್ಟಿ ಸುತ್ತಿದ್ದರು. ಇನ್ನೊಂದು ಅರ್ಧ ಗಂಟೆ ಕಳೆದಿದ್ದರೆ ಕಷ್ಟವಿತ್ತು, ಮೂತ್ರಪಿಂಡದ ವಿಷಯ ನಾಳೆ ಗೊತ್ತಾಗುತ್ತದೆ ಎಂದು ಡಾಕ್ಟರು ಹೇಳಿ ಹೋಗಿದ್ದರು. ಅವನ ಹೆಂಡತಿ ಮಗಳಿಗೆ ಏನಾದರೂ ತಿನ್ನಿಸಲೆಂದು ಕೆಳಗೆ ಹೋಗಿದ್ದಳು. ಹೋಗುವಾಗ ಅಕ್ಕನ ಎರಡೂ ಕೈ ಹಿಡಿದುಕೊಂಡು, "ನೀವಿಲ್ಲದಿದ್ರೆ ಏನು ಗತಿಯಿತ್ತು ಅತ್ತಿಗೆ," ಎಂದು ಅತ್ತಿದ್ದಳು. ಆ ಕೈಗಳನ್ನು ಎಲ್ಲಿಡಬೇಕೆಂದು ಅಕ್ಕನಿಗೆ ತಿಳಿಯಲಿಲ್ಲ.

ಅವನು ಕಣ್ಣು ತೆರೆದ. ಅಕ್ಕನನ್ನು ನೋಡಿ ನಗಲು ಹೋಗಿ, ತುಟಿ ಉರಿದು ನಿಲ್ಲಿಸಿದ.

"ಕಲ್ಲು ಇಟ್ಟಿದ್ದೆ ಅಕ್ಕಾ. ಗಾಳಿ ಬಂತು. ಹಿಡಿಕೆ ಕೈಗೇ ಬಂತು."

"ಮಾತಾಡ್ಬೇಡ."

"ಒಳ್ಳೇ ಜಾಗದಲ್ಲಿ ಸಿಕ್ಕಾಕ್ಕೊಂಡೆ ಅಂತ ನಗು ಬಂತು ಮೊದ್ಲು. ಹನ್ನೊಂದೂ ಇಪ್ಪತ್ತಕ್ಕೆ ನೀನು ಹೇಗಿದ್ರೂ ನೋಡ್ತೀಯ ಅಂತ ಒಂದು ಹಾಡೂ ಹೇಳಿದೆ. ನನಗೆ ಹೆದರಿಕೆಯೇ ಆಗ್ಲಿಲ್ಲ ಗೊತ್ತಾ? ಕೊನೆಕೊನೆಗೂ ಆಗ್ಲಿಲ್ಲ. ಈಗ ಬರ್ತಾಳೆ, ಇನ್ನೇನು ಬಂದ್ಲು ಅಂತಾನೇ ಅಂದ್ಕೊಂಡು ತಟ್ತಾ ಇದ್ದೆ." ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ. "ಯಾಕೆ ಅಷ್ಟು ತಡ ಆಯ್ತು? ಸಿಸ್ಟಮ್ ಕೆಟ್ಟಿತ್ತಾ?"

ಹೌದು ಎಂದುಬಿಡಬಹುದಿತ್ತು. ಸಿಸ್ಟಮ್ ಕೆಡುವುದು ಯಾವತ್ತೂ ಇದ್ದದ್ದೇ. ಯಾರೂ ಮತ್ತೆ ಕೇಳುತ್ತಿರಲಿಲ್ಲ. ಗಡಿಯಾರ ಕೂಡ ಬಾಯಿ ಬಿಡುವವನಲ್ಲ. ಹೌದು ಕಣೋ ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು.

ಹಾಸಿಗೆಯ ಮೇಲಿಟ್ಟಿದ್ದ ಅವಳ ಫೋನು ಗುರ್ ಎಂದಿತು. ಮಲಗಿಸಿದ ಟವರುಗಳ ಚೌಕ ಮೇಜಿಗಷ್ಟೇ ಅಲ್ಲ, ಮಲಗಿಸಿದವರ ಫೋನಿಗೂ ಬರುತ್ತಿತ್ತು. ಟವರನ್ನು ಎಬ್ಬಿಸಿದ ಮೇಲೂ ಅದನ್ನು ಬೇರೆಯಾಗಿ ಅಳಿಸಬೇಕು. ಗಡಿಬಿಡಿಯಲ್ಲಿ ಅವಳು ಅಳಿಸಿರಲಿಲ್ಲ. ಪರದೆ ಅವನ ಕಡೆಗೇ ಇತ್ತು. ಅವನು ಕತ್ತು ಹೊರಳಿಸಿ ಓದಿದ.

ಗುಡ್ಡದ ಹಿಂದಿನ ಟವರು. ಮಲಗಿಸಿದ ಅವಧಿ ಬೆಳಿಗ್ಗೆ ಹತ್ತೂ ಇಪ್ಪತ್ತರಿಂದ ಸಂಜೆ ಆರರವರೆಗೆ. ಕೆಲಸ ಮುಗಿಯಿತೇ?

"ಸಿಸ್ಟಮ್ ಕೆಟ್ಟಿರ್ಲಿಲ್ಲ ಕಣೋ," ಎಂದಳು ಅಕ್ಕ. "ನಾನೇ ಆರು ಅಂತ ಹಾಕಿದ್ದೆ."

ಅವನು ಎದುರು ಗೋಡೆಯ ಗಡಿಯಾರವನ್ನು ನೋಡಿದ. ಆರು ಗಂಟೆ. ಅವಳು ಪಟ್ಟಿ ತೆರೆದು ನೋಡಬೇಕಾಗಿದ್ದ ಹೊತ್ತು ಅದು, ಈಗ, ಈ ನಿಮಿಷ. ಹನ್ನೊಂದೂ ಇಪ್ಪತ್ತರಿಂದ ಅಲ್ಲಿಯವರೆಗೆ ಎಷ್ಟು ಗಂಟೆಯಾಗುತ್ತದೆಂದು ಅವನು ಮನಸ್ಸಿನಲ್ಲೇ ಲೆಕ್ಕ ಹಾಕುವುದು ಅವಳಿಗೆ ಕಾಣುತ್ತಿತ್ತು. ಲೆಕ್ಕ ಮುಗಿದಾಗ ಅವನ ಕಣ್ಣು ಅಗಲವಾದವು. ಪಟ್ಟಿ ಸುತ್ತಿದ ಕೈ ನಡುಗಲು ಶುರುವಾಯಿತು, ಡ್ರಿಪ್ಪಿನ ಕೊಳವೆ ಕಂಬಕ್ಕೆ ಟಕಟಕ ತಾಗತೊಡಗಿತು.

ಇಡೀ ದಿನ ಹೆದರದವನು ಈಗ ಹೆದರಿದ್ದ. ಅವಳು ಆ ಕೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ. ಆದರೆ ನಡುಕ ನಿಲ್ಲಲು ಬಹಳ ಹೊತ್ತು ಹಿಡಿಯಿತು.